ಮನೋರೋಗದ ಮಾತ್ರೆ: ಸುರಕ್ಷಿತ ಸೇವನೆ ಮತ್ತು ಅಡ್ಡಪರಿಣಾಮಗಳ ಅರಿವು

ಶರೀರಕ್ಕೆ ರೋಗ ಬರುವಂತೆ ಮನಸ್ಸಿಗೂ ರೋಗ ಬರುತ್ತದೆ. ಶರೀರದ ರೋಗಕ್ಕೆ ಔಷಧಿ ಇರುವಂತೆ ಮನಸ್ಸಿನ ರೋಗಕ್ಕೂ ಔಷಧಿ ಇದೆ. ಈ ಎರಡು ಮಾತುಗಳನ್ನು ನಮ್ಮ ಜನರಲ್ಲಿ ಅನೇಕರು ಈಗ ಒಪ್ಪುತ್ತಾರೆ. ಆದರೂ ಒಂದು ದೊಡ್ಡ ಕೊರತೆ ಉಳಿದುಕೊಂಡಿದೆ. ಚಿಕಿತ್ಸೆಯನ್ನು ಆರಂಭಿಸಿದವರಲ್ಲಿ ಹಲವರು ಕೆಲವೇ ತಿಂಗಳುಗಳಲ್ಲಿ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಿಬಿಡುತ್ತಾರೆ. ರೋಗ ಮರುಕಳಿಸುತ್ತದೆ, ವ್ಯವಸಾಯ, ಉದ್ಯೋಗ, ಸಂಸಾರ ಎಲ್ಲವೂ ಮತ್ತೆ ಏರುಪೇರಾಗುತ್ತವೆ.

ಹೀಗೆ ನಿಲ್ಲಿಸಲು ಮುಖ್ಯವಾದ ಕಾರಣಗಳು ಎರಡು. ಗುಣ ಕಂಡೊಡನೆ ಇನ್ನು ಮಾತ್ರೆ ಬೇಡವೆಂದು ಭಾವಿಸುವುದು ಒಂದು. ಮಾತ್ರೆಯಿಂದ ಉಂಟಾದ ತೊಂದರೆಗಳಿಗೆ ಹೆದರಿ, ಅವನ್ನು ವೈದ್ಯರಿಗೆ ತಿಳಿಸದೆ ಬಿಟ್ಟುಬಿಡುವುದು ಇನ್ನೊಂದು. ಅಡ್ಡಪರಿಣಾಮಗಳಲ್ಲಿ ಬಹುಪಾಲು ಪರಿಹಾರವುಳ್ಳವು. ಅವನ್ನು ಮೌನವಾಗಿ ಸಹಿಸಬೇಕಾಗಿಲ್ಲ. ಅವುಗಳಿಗಾಗಿ ಔಷಧಿಯನ್ನು ತ್ಯಜಿಸಬೇಕಾಗಿಯೂ ಇಲ್ಲ. ಅವನ್ನು ಗುರುತಿಸಿ, ಸಕಾಲದಲ್ಲಿ ವೈದ್ಯರಿಗೆ ತಿಳಿಸುವುದೇ ಸರಿಯಾದ ಮಾರ್ಗ. ಇದನ್ನು ವಿವರಿಸುವುದೇ ಈ ಪಾಠದ ಉದ್ದೇಶ.

1. ಯಾವ ರೋಗಕ್ಕೆ ಈ ಔಷಧಿ?

ಯಾರೂ ಇಲ್ಲದಿರುವಾಗ ಮಾತಿನ ಧ್ವನಿ ಕೇಳಿಸುವುದು, ನೆರೆಹೊರೆಯವರು ತನ್ನ ಮೇಲೆ ಸಂಚು ಹೂಡಿದ್ದಾರೆ ಅಥವಾ ಊಟದಲ್ಲಿ ವಿಷ ಹಾಕಿದ್ದಾರೆ ಎಂದು ಬಲವಾಗಿ ನಂಬುವುದು, ಮಾತಿನಲ್ಲಿ ಹೊಂದಾಣಿಕೆ ಇಲ್ಲದಿರುವುದು, ತನ್ನಷ್ಟಕ್ಕೆ ತಾನೇ ನಗುವುದು, ಸ್ನಾನ ಊಟಗಳ ಪರಿವೆ ಇಲ್ಲದಿರುವುದು, ಇವು ಚಿತ್ತವಿಕಲತೆಯ ಲಕ್ಷಣಗಳು. ಸ್ಕಿಜೋಫ್ರೀನಿಯಾ ಅಥವಾ ಇಚ್ಚಿತ್ತ ವಿಕಲತೆ ಎಂಬ ರೋಗದಲ್ಲಿ ಇವು ಮುಖ್ಯವಾಗಿ ಕಾಣುತ್ತವೆ. ಮೇನಿಯಾ ಎಂಬ ಉನ್ಮಾದ ರೋಗದಲ್ಲಿ, ತೀವ್ರ ಖಿನ್ನತೆಯಲ್ಲಿ ಮತ್ತು ಕೆಲವೊಮ್ಮೆ ಹೆರಿಗೆಯ ಅನಂತರದ ವಾರಗಳಲ್ಲಿಯೂ ಕಾಣಿಸಿಕೊಳ್ಳಬಹುದು.

ಇವುಗಳ ಚಿಕಿತ್ಸೆಗೆ ಕೊಡುವ ಔಷಧಿಗಳನ್ನು ಚಿತ್ತವಿಕಲತೆ ನಿವಾರಕಗಳೆಂದು ಕರೆಯಬಹುದು. ಕ್ಲೋರ್‌ಪ್ರೋಮಜಿನ್, ಹ್ಯಾಲೋಪೆರಿಡಾಲ್, ರಿಸ್ಪೆರಿಡೋನ್, ಓಲಾಂಜಪಿನ್, ಕ್ಲೋಜಪಿನ್ ಇವು ಈ ಗುಂಪಿನವು. ಒಂದೇ ಔಷಧಿ ಬೇರೆ ಬೇರೆ ಕಂಪನಿಗಳ ಹೆಸರಿನಲ್ಲಿ ದೊರೆಯುವುದರಿಂದ, ಚೀಟಿಯಲ್ಲಿರುವ ಮೂಲ ಔಷಧಿಯ ಹೆಸರನ್ನು ತಿಳಿದಿರುವುದು ಉಪಯುಕ್ತ.

2. ಈ ಔಷಧಿಗಳು ಬಂದ ಬಗೆ

ಬಹಳ ಕಾಲದವರೆಗೆ ಇಂಥ ರೋಗಿಗಳನ್ನು ಕೂಡಿಹಾಕುವುದರ ಹೊರತು ಬೇರೆ ದಾರಿ ಇರಲಿಲ್ಲ. ನಮ್ಮ ದೇಶದಲ್ಲಿ ಸರ್ಪಗಂಧ ಎಂಬ ಗಿಡದ ಬೇರು ಉಪಯೋಗದಲ್ಲಿತ್ತು. ಉನ್ಮಾದದಲ್ಲಿ ಅದರ ಪ್ರಯೋಜನವನ್ನು ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಎಂಬ ವೈದ್ಯರು 1931ರಲ್ಲಿ ವರದಿ ಮಾಡಿದರು. ಇಂದು ಈ ರೋಗಗಳಿಗೆ ಅದಕ್ಕಿಂತ ಉತ್ತಮವಾದ ಔಷಧಿಗಳಿರುವುದರಿಂದ, ಆ ಬೇರನ್ನು ಮನೆಯಲ್ಲಿ ತೇಯ್ದು ಕುಡಿಸುವುದು ಸಲ್ಲದು. 1952ರಲ್ಲಿ ಪ್ಯಾರಿಸ್ ನಗರದ ಆಸ್ಪತ್ರೆಯೊಂದರಲ್ಲಿ ಡಿಲೇ ಮತ್ತು ಡೆನಿಕರ್ ಎಂಬ ವೈದ್ಯರು ಕ್ಲೋರ್‌ಪ್ರೋಮಜಿನ್ ಔಷಧಿಯನ್ನು ಬಳಸಿ ಉತ್ತಮ ಫಲವನ್ನು ಕಂಡರು. ಅಲ್ಲಿಂದ ಮುಂದೆ ರೋಗಿಯು ಮನೆಯಲ್ಲಿದ್ದುಕೊಂಡೇ ಗುಣಮುಖನಾಗುವುದು ಸಾಧ್ಯವಾಯಿತು.

ಗ್ರಾಮಗಳಿಗೆ ಈ ಚಿಕಿತ್ಸೆಯನ್ನು ತಲುಪಿಸುವ ಪ್ರಯತ್ನದಲ್ಲಿ ಕರ್ನಾಟಕಕ್ಕೆ ವಿಶೇಷ ಸ್ಥಾನವಿದೆ. ಬೆಂಗಳೂರಿನಲ್ಲಿ 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯು ಅದೇ ದಶಕದಲ್ಲಿ ಸಕಲವಾರ ಗ್ರಾಮದಲ್ಲಿ ಈ ಕಾರ್ಯವನ್ನು ಆರಂಭಿಸಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಜಾರಿಗೆ ಬಂದಿತು. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ನೀಡಿ, ಕೆಲವೇ ಔಷಧಿಗಳಿಂದ ಹಳ್ಳಿಯ ರೋಗಿಗಳನ್ನು ನೋಡಿಕೊಳ್ಳಬಹುದೆಂದು ತೋರಿಸಲಾಯಿತು.

ನಮ್ಮ ಶಿವಮೊಗ್ಗ ಜಿಲ್ಲೆಯದೇ ಒಂದು ನಿದರ್ಶನವಿದೆ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ವೈದ್ಯರು ಹಳ್ಳಿಗಳಲ್ಲಿರುವ ಸ್ಕಿಜೋಫ್ರೀನಿಯಾ ರೋಗಿಗಳನ್ನು ಗುರುತಿಸಿ ಚಿಕಿತ್ಸೆ ಏರ್ಪಡಿಸಿದರು. 2009ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಔಷಧಿಯನ್ನು ಮುಂದುವರಿಸಿದವರ ದೈನಂದಿನ ಅಸಾಮರ್ಥ್ಯ ಒಂದು ವರ್ಷದಲ್ಲಿ ಇಳಿದುದು ಕಂಡುಬಂದಿತು. ಔಷಧಿ ಪಡೆಯದವರ ಸ್ಥಿತಿ ಬಹುತೇಕ ಹಾಗೆಯೇ ಉಳಿದಿತ್ತು. ಕ್ರಮವಾಗಿ ಮಾತ್ರೆ ಸೇವಿಸುವುದರ ಮಹತ್ವಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷ್ಯ ಬೇಕಾಗಿಲ್ಲ.

3. ಔಷಧಿ ಹೇಗೆ ಕೆಲಸ ಮಾಡುತ್ತದೆ?

ಮಿದುಳಿನ ಕೋಶಗಳು ಕೆಲವು ರಾಸಾಯನಿಕಗಳ ಮೂಲಕ ಒಂದಕ್ಕೊಂದು ಸಂದೇಶ ಕಳುಹಿಸುತ್ತವೆ. ಅಂಥ ಒಂದು ರಾಸಾಯನಿಕವೇ ಡೋಪಮಿನ್. ಚಿತ್ತವಿಕಲತೆಯಲ್ಲಿ ಮಿದುಳಿನ ಕೆಲವು ಭಾಗಗಳಲ್ಲಿ ಇದರ ಚಟುವಟಿಕೆ ಅತಿಯಾಗಿರುತ್ತದೆ. ಔಷಧಿಯು ಅದನ್ನು ತಗ್ಗಿಸುತ್ತದೆ. ಆದರೆ ಅಂಗಾಂಗಗಳ ಚಲನೆಗೂ, ಕೆಲವು ಗ್ರಂಥಿಗಳ ಕಾರ್ಯಕ್ಕೂ ಇದೇ ಡೋಪಮಿನ್ ಬೇಕು. ಭದ್ರಾ ನಾಲೆಯ ತೂಬನ್ನು ಕಿರಿದು ಮಾಡಿದರೆ ನೀರು ಹೆಚ್ಚಾಗಿದ್ದ ಗದ್ದೆಗೆ ಅನುಕೂಲವಾಗುತ್ತದೆ. ಆದರೆ ಅದೇ ತೂಬಿನಿಂದ ನೀರು ಪಡೆಯುವ ಉಳಿದ ಗದ್ದೆಗಳಿಗೂ ನೀರು ಕಡಿಮೆಯಾಗುತ್ತದೆ. ಅಡ್ಡಪರಿಣಾಮಗಳಲ್ಲಿ ಹಲವು ಹುಟ್ಟುವುದು ಈ ಕಾರಣದಿಂದಲೇ. ತೂಬನ್ನು ಎಷ್ಟು ತೆರೆದಿಡಬೇಕೆಂದು ನಿರ್ಧರಿಸುವ ಕೆಲಸ ವೈದ್ಯರದು. ಅದಕ್ಕೆ ಬೇಕಾದ ಮಾಹಿತಿಯನ್ನು ಒದಗಿಸುವ ಕೆಲಸ ರೋಗಿಯದು ಮತ್ತು ಮನೆಯವರದು.

ಫಲ ಒಂದೇ ದಿನದಲ್ಲಿ ಕಾಣುವುದಿಲ್ಲ. ನಿದ್ರೆ ಬರುವುದು, ಉದ್ರೇಕ ತಗ್ಗುವುದು ಕೆಲವು ದಿನಗಳಲ್ಲಿ ಆಗಬಹುದು. ಧ್ವನಿಗಳು, ಸಂಶಯಗಳು ಕಡಿಮೆಯಾಗಲು ಹಲವು ವಾರಗಳು ಬೇಕಾಗುತ್ತವೆ. ಮೊದಲ ವಾರದಲ್ಲಿಯೇ ಫಲವಿಲ್ಲವೆಂದು ನಿರಾಶರಾಗಿ ವೈದ್ಯರನ್ನು ಬದಲಾಯಿಸುವುದು ಉಚಿತವಲ್ಲ.

ಈ ಮಾತ್ರೆಗಳು ಚಟವಾಗುತ್ತವೆಯೆಂಬ ಭಯ ಸರಿಯಲ್ಲ. ಮದ್ಯದಂತೆ ಇವುಗಳಿಗಾಗಿ ದೇಹ ಹಂಬಲಿಸುವುದಿಲ್ಲ. ದೀರ್ಘಕಾಲ ಸೇವಿಸಬೇಕಾಗಿ ಬರುವುದು ರೋಗದ ಸ್ವಭಾವದಿಂದ. ಮಧುಮೇಹಕ್ಕೂ ರಕ್ತದೊತ್ತಡಕ್ಕೂ ಹಾಗೆಯೇ ಅಲ್ಲವೇ?

4. ಸೇವಿಸುವ ಕ್ರಮ

(1) ವೈದ್ಯರು ಹೇಳಿದ ಪ್ರಮಾಣದಲ್ಲಿ, ಪ್ರತಿದಿನ ಒಂದೇ ಹೊತ್ತಿನಲ್ಲಿ ಸೇವಿಸಬೇಕು. ರಾತ್ರಿ ಊಟದೊಂದಿಗೆ ಹೊಂದಿಸಿಕೊಂಡರೆ ಮರೆವು ಕಡಿಮೆ.

(2) ಒಂದು ಹೊತ್ತಿನ ಮಾತ್ರೆ ಮರೆತುಹೋಗಿ ಬೇಗನೆ ನೆನಪಾದರೆ ಆಗಲೇ ತೆಗೆದುಕೊಳ್ಳಬಹುದು. ಮುಂದಿನ ಹೊತ್ತು ಸಮೀಪಿಸಿದ್ದರೆ ತಪ್ಪಿದ್ದನ್ನು ಬಿಡಬೇಕು. ಎರಡು ಹೊತ್ತಿನದನ್ನು ಒಟ್ಟಿಗೆ ನುಂಗಕೂಡದು.

(3) ಗುಣವಾದ ಅನಂತರವೂ ವೈದ್ಯರು ಹೇಳುವವರೆಗೆ ಮುಂದುವರಿಸಬೇಕು. ಮೊದಲ ಬಾರಿ ರೋಗ ಬಂದವರಿಗೂ ಸಾಮಾನ್ಯವಾಗಿ ಒಂದೆರಡು ವರ್ಷ ಬೇಕಾಗುತ್ತದೆ. ಪದೇ ಪದೇ ಮರುಕಳಿಸಿದವರಿಗೆ ಇನ್ನೂ ದೀರ್ಘಕಾಲ. ನಿಲ್ಲಿಸುವಾಗ ಸ್ವಲ್ಪ ಸ್ವಲ್ಪವಾಗಿ, ವೈದ್ಯರ ಮೇಲ್ವಿಚಾರಣೆಯಲ್ಲಿಯೇ ನಿಲ್ಲಿಸಬೇಕು.

(4) ದಿನವೂ ಮಾತ್ರೆ ನುಂಗಲು ಒಪ್ಪದವರಿಗೆ ಅಥವಾ ಮರೆಯುವವರಿಗೆ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ಕೊಡುವ ಚುಚ್ಚುಮದ್ದುಗಳಿವೆ. ಮುಂದಿನ ಚುಚ್ಚುಮದ್ದಿನ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಬೇಕು.

(5) ರೋಗಿಗೆ ತಿಳಿಯದಂತೆ ಅನ್ನದಲ್ಲಿಯೋ ಕಾಫಿಯಲ್ಲಿಯೋ ಮಾತ್ರೆ ಬೆರೆಸಿ ಕೊಡುವ ಪದ್ಧತಿ ಹಲವು ಮನೆಗಳಲ್ಲಿದೆ. ಎಷ್ಟು ಔಷಧಿ ಹೊಟ್ಟೆಗೆ ಸೇರಿತೆಂಬುದು ಇದರಿಂದ ಗೊತ್ತಾಗುವುದಿಲ್ಲ. ಊಟದಲ್ಲಿ ಏನೋ ಹಾಕುತ್ತಾರೆಂದು ಮೊದಲೇ ಶಂಕಿಸುವ ರೋಗಿಗೆ ಅದು ಗೊತ್ತಾದ ದಿನ ಮನೆಯವರ ಮೇಲಿನ ನಂಬಿಕೆಯೇ ಹೋಗುತ್ತದೆ. ಒಪ್ಪದಿದ್ದರೆ ವೈದ್ಯರಿಗೆ ತಿಳಿಸಿ, ಬೇರೆ ಉಪಾಯವನ್ನು ಕೇಳಬೇಕು.

(6) ಮಾತ್ರೆಗಳನ್ನು ಮಕ್ಕಳ ಕೈಗೆ ಸಿಗದಂತೆ ಪೆಟ್ಟಿಗೆಯಲ್ಲಿ ಬೀಗ ಹಾಕಿಡಬೇಕು. ರೋಗಿಯು ಸಾಯುವ ಮಾತನ್ನಾಡುತ್ತಿದ್ದರೆ ಮಾತ್ರೆಗಳನ್ನೂ, ಹೊಲಕ್ಕೆ ಹೊಡೆಯುವ ಕೀಟನಾಶಕಗಳನ್ನೂ ಮನೆಯವರೇ ಕಾಪಾಡಬೇಕು.

(7) ಹಳೆಯ ಚೀಟಿಯನ್ನು ತೋರಿಸಿ ವರ್ಷಗಟ್ಟಲೆ ಅಂಗಡಿಯಿಂದ ಕೊಳ್ಳುವುದು, ಒಬ್ಬರ ಮಾತ್ರೆಯನ್ನು ಮತ್ತೊಬ್ಬರಿಗೆ ಕೊಡುವುದು ಎರಡೂ ಅಪಾಯಕರ. ಮರೆವಿನ ರೋಗವಿರುವ ವೃದ್ಧರಿಗೆ ಈ ಔಷಧಿಗಳಿಂದ ಪಾರ್ಶ್ವವಾಯು ಮತ್ತು ಮರಣದ ಸಂಭವ ಹೆಚ್ಚುವುದರಿಂದ, ಗಲಾಟೆ ಮಾಡುತ್ತಾರೆಂದು ಅವರಿಗೆ ತಾವಾಗಿಯೇ ಎಂದೂ ಕೊಡಬಾರದು.

5. ಸಾಮಾನ್ಯವಾದ ಅಡ್ಡಪರಿಣಾಮಗಳು

ಎಲ್ಲರಿಗೂ ಎಲ್ಲ ತೊಂದರೆಗಳೂ ಬರುವುದಿಲ್ಲ. ಔಷಧಿ, ಪ್ರಮಾಣ ಮತ್ತು ವ್ಯಕ್ತಿಯ ಪ್ರಕೃತಿಗೆ ತಕ್ಕಂತೆ ವ್ಯತ್ಯಾಸವಿರುತ್ತದೆ.

ತೂಕಡಿಕೆ: ಮೊದಲ ದಿನಗಳಲ್ಲಿ ಹೆಚ್ಚು, ಕ್ರಮೇಣ ಇಳಿಯುತ್ತದೆ. ವೈದ್ಯರ ಒಪ್ಪಿಗೆ ಪಡೆದು ಮಾತ್ರೆಯನ್ನು ರಾತ್ರಿಗೆ ಬದಲಾಯಿಸಿಕೊಳ್ಳಬಹುದು. ತೂಕಡಿಕೆ ಇರುವವರೆಗೆ ವಾಹನ, ಟ್ರಾಕ್ಟರ್, ಟಿಲ್ಲರ್ ನಡೆಸಬಾರದು.

ತಲೆಸುತ್ತು: ಮಲಗಿದ್ದವರು ಒಮ್ಮೆಲೇ ಎದ್ದಾಗ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆಗಟ್ಟಬಹುದು. ಮೊದಲು ಎದ್ದು ಕುಳಿತು, ಸ್ವಲ್ಪ ಹೊತ್ತಿನ ಮೇಲೆ ನಿಲ್ಲಬೇಕು.

ಬಾಯಿ ಒಣಗುವುದು, ಮಲಬದ್ಧತೆ: ಆಗಾಗ ನೀರು ಕುಡಿಯುವುದು, ಸೊಪ್ಪು ತರಕಾರಿ ಹಣ್ಣುಗಳನ್ನು ಹೆಚ್ಚಾಗಿ ತಿನ್ನುವುದು, ನಡೆದಾಡುವುದು ಸಹಾಯಕ.

ತೂಕ ಹೆಚ್ಚುವುದು: ಓಲಾಂಜಪಿನ್ ಮತ್ತು ಕ್ಲೋಜಪಿನ್ ಸೇವಿಸುವವರಲ್ಲಿ ಇದು ವಿಶೇಷ. ಹಸಿವು ಹೆಚ್ಚಿ ತೂಕ ಏರಿದಂತೆ ಮಧುಮೇಹ, ರಕ್ತದಲ್ಲಿ ಕೊಬ್ಬಿನಂಶ ಇವೂ ಬರಬಹುದು. ಬಹಳ ದಿನಗಳಿಂದ ಬಡಕಲಾಗಿದ್ದ ಮಗ ಮೈತುಂಬಿಕೊಂಡನೆಂದು ಮನೆಯವರು ಸಂತೋಷಪಡುವುದುಂಟು. ಆದರೆ ತೂಕ ಮೇಲಕ್ಕೇರುತ್ತಲೇ ಇದ್ದರೆ ಅದು ಆರೋಗ್ಯದ ಗುರುತಲ್ಲ. ತಿಂಗಳಿಗೊಮ್ಮೆ ತೂಕ ನೋಡಬೇಕು. ಚಿಕಿತ್ಸೆಯ ಆರಂಭದಲ್ಲಿ, ಮೂರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡ, ರಕ್ತದ ಸಕ್ಕರೆ ಮತ್ತು ಕೊಬ್ಬಿನ ಪರೀಕ್ಷೆ ಆಗಬೇಕು. ಸಕ್ಕರೆ ಹಾಕಿದ ಕಾಫಿ, ಟೀ ಮತ್ತು ಕರಿದ ತಿಂಡಿಗಳನ್ನು ಮಿತಿಗೊಳಿಸಿ, ದಿನವೂ ಬಿರುಸಿನ ನಡಿಗೆ ಮಾಡುವುದು ಒಳ್ಳೆಯದು.

6. ಚಲನೆಗೆ ಸಂಬಂಧಿಸಿದ ತೊಂದರೆಗಳು

ಜನರನ್ನು ಅತಿಯಾಗಿ ಹೆದರಿಸುವ ಮತ್ತು ಅತಿಯಾಗಿ ತಪ್ಪು ತಿಳಿವಳಿಕೆಗೆ ಎಡೆಮಾಡುವ ತೊಂದರೆಗಳು ಇವೇ. ಹ್ಯಾಲೋಪೆರಿಡಾಲ್‌ನಂಥ ಹಳೆಯ ಔಷಧಿಗಳಲ್ಲಿ ಹೆಚ್ಚು. ಹೊಸ ಔಷಧಿಗಳಲ್ಲಿಯೂ ಇಲ್ಲವೆಂದಿಲ್ಲ.

ಸ್ನಾಯು ಸೆಳೆತ: ಚಿಕಿತ್ಸೆಯ ಮೊದಲ ಕೆಲವು ದಿನಗಳಲ್ಲಿ, ಅದರಲ್ಲಿಯೂ ಯುವಕರಲ್ಲಿ, ಕತ್ತು ಒಂದು ಕಡೆಗೆ ತಿರುಚಿಕೊಳ್ಳುವುದು, ದವಡೆ ಹಿಡಿದುಕೊಳ್ಳುವುದು, ನಾಲಿಗೆ ದಪ್ಪವಾದಂತಾಗುವುದು, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುವುದು ಉಂಟು. ನೋಡಿದವರು ಗಾಳಿ ಸೋಕಿತೆಂದೋ, ಮೂರ್ಛೆರೋಗವೆಂದೋ ಭಾವಿಸುತ್ತಾರೆ. ವಾಸ್ತವವಾಗಿ ಆಸ್ಪತ್ರೆಯಲ್ಲಿ ಒಂದು ಚುಚ್ಚುಮದ್ದು ಕೊಟ್ಟರೆ ಇದು ಬಹುಬೇಗ ಇಳಿಯುತ್ತದೆ. ತಡಮಾಡದೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ದು, ಯಾವ ಮಾತ್ರೆ ನಡೆಯುತ್ತಿದೆಯೆಂಬುದನ್ನು ತೋರಿಸಬೇಕು. ಉಸಿರಾಟಕ್ಕೋ ನುಂಗುವುದಕ್ಕೋ ಅಡ್ಡಿಯಾದರೆ ಅದು ತುರ್ತು ಪರಿಸ್ಥಿತಿ.

ಬಿಗಿತ ಮತ್ತು ನಡುಕ: ಕೈ ನಡುಗುವುದು, ಮುಖದಲ್ಲಿ ಭಾವನೆ ಕಾಣದಿರುವುದು, ಜೊಲ್ಲು ಸುರಿಯುವುದು, ಸಣ್ಣ ಹೆಜ್ಜೆಯಲ್ಲಿ ನಿಧಾನವಾಗಿ ನಡೆಯುವುದು ಇದರ ಚಿಹ್ನೆಗಳು. ಇದನ್ನು ಸೋಮಾರಿತನವೆಂದು ಬೈಯುವುದು ಅನ್ಯಾಯ. ವೈದ್ಯರು ಪ್ರಮಾಣವನ್ನು ಕಡಿಮೆ ಮಾಡಬಹುದು, ಔಷಧಿ ಬದಲಾಯಿಸಬಹುದು ಅಥವಾ ಟ್ರೈಹೆಕ್ಸಿಫೆನಿಡಿಲ್ ಎಂಬ ಮಾತ್ರೆ ಸೇರಿಸಬಹುದು. ಈ ಕೊನೆಯ ಮಾತ್ರೆಯಿಂದಲೂ ಬಾಯಿ ಒಣಗುವುದು, ದೃಷ್ಟಿ ಮಂಜಾಗುವುದು, ಮರೆವು, ಮಲಬದ್ಧತೆ ಬರುವುದರಿಂದ ಅದನ್ನು ತಾವಾಗಿಯೇ ಕೊಂಡು ಹೆಚ್ಚಿಸಿಕೊಳ್ಳಬಾರದು.

ಕುಳಿತಲ್ಲಿ ಕೂರಲಾರದ ಚಡಪಡಿಕೆ: ಇದನ್ನು ವಿಶೇಷವಾಗಿ ಗಮನಿಸಬೇಕು. ಹೊಳೆಹೊನ್ನೂರು ಹೋಬಳಿಯ ಒಂದು ರೈತ ಕುಟುಂಬವನ್ನು ಉದಾಹರಣೆಗಾಗಿ ಊಹಿಸಿಕೊಳ್ಳೋಣ. ಮಗನಿಗೆ ಚಿಕಿತ್ಸೆ ಆರಂಭವಾಗಿ ಎರಡು ವಾರವಾಗಿದೆ. ಸಂಶಯದ ಮಾತುಗಳು ಇಳಿದಿವೆ. ಆದರೆ ಅವನು ಅಂಗಳದಲ್ಲಿ ಅತ್ತಿಂದಿತ್ತ ತಿರುಗುತ್ತಲೇ ಇರುತ್ತಾನೆ, ಊಟಕ್ಕೆ ಕುಳಿತರೆ ಕಾಲು ಕುಣಿಸುತ್ತಾನೆ, ಅರ್ಧದಲ್ಲಿಯೇ ಏಳುತ್ತಾನೆ, ಮಲಗಿದರೂ ನೆಮ್ಮದಿಯಿಲ್ಲ. ರೋಗ ಮತ್ತೆ ಏರುತ್ತಿದೆಯೆಂದು ತಾಯಿ ಹೆದರಿ ಇನ್ನೊಂದು ಮಾತ್ರೆ ಹೆಚ್ಚು ಕೊಡುತ್ತಾಳೆ. ಚಡಪಡಿಕೆ ಇಮ್ಮಡಿಯಾಗುತ್ತದೆ. ಕೊನೆಗೆ ಮಾತ್ರೆಯೇ ಕೆಟ್ಟದ್ದೆಂದು ತೀರ್ಮಾನಿಸಿ ಎಲ್ಲವನ್ನೂ ನಿಲ್ಲಿಸುತ್ತಾರೆ. ಎರಡು ತಿಂಗಳಲ್ಲಿ ರೋಗ ಮರಳುತ್ತದೆ.

ಇಲ್ಲಿ ತಾಯಿಯ ಪ್ರೀತಿಯಲ್ಲಿ ದೋಷವಿಲ್ಲ. ತಿಳಿವಳಿಕೆ ಸಿಕ್ಕಿರಲಿಲ್ಲ ಅಷ್ಟೆ. ಈ ಚಡಪಡಿಕೆ ಔಷಧಿಯ ಪರಿಣಾಮವೇ ಹೊರತು ರೋಗದ್ದಲ್ಲ. ರೋಗಿಯನ್ನು ಕೇಳಿದರೆ "ಒಳಗಿನಿಂದ ಯಾರೋ ಎಬ್ಬಿಸಿದಂತಾಗುತ್ತದೆ, ನಡೆದಾಡಿದರೆ ಸ್ವಲ್ಪ ಹಗುರ" ಎಂಬ ಅರ್ಥದ ಉತ್ತರ ಬರುತ್ತದೆ. ವೈದ್ಯರಿಗೆ ತಿಳಿಸಿದರೆ ಪ್ರಮಾಣ ಇಳಿಸಿಯೋ, ಬೇರೆ ಮಾತ್ರೆ ಸೇರಿಸಿಯೋ ಇದನ್ನು ಹತೋಟಿಗೆ ತರುತ್ತಾರೆ. ಸಹಿಸಲಾರದ ಚಡಪಡಿಕೆ ಕೆಲವರಲ್ಲಿ ಆತ್ಮಹತ್ಯೆಯ ಯೋಚನೆಗೂ ಕಾರಣವಾಗುವುದರಿಂದ ಇದನ್ನು ಅಲಕ್ಷಿಸಕೂಡದು.

ತಡವಾಗಿ ಬರುವ ಚಲನೆಗಳು: ತಿಂಗಳುಗಳ ಅಥವಾ ವರ್ಷಗಳ ಸೇವನೆಯ ಅನಂತರ ಕೆಲವರಲ್ಲಿ ತುಟಿ ಚಪ್ಪರಿಸುವುದು, ನಾಲಿಗೆ ಹೊರಚಾಚುವುದು, ಏನನ್ನೋ ಅಗಿಯುವಂತೆ ದವಡೆ ಆಡಿಸುವುದು ತಮ್ಮ ಇಚ್ಛೆಯಿಲ್ಲದೆ ಆಗುತ್ತವೆ. ಎಲೆಯಡಿಕೆ ಹಾಕುವವರ ನಡುವೆ ಇದು ಯಾರ ಗಮನಕ್ಕೂ ಬಾರದೆ ಹೋಗಬಹುದು. ಕೆಲವರಲ್ಲಿ ಇದು ಶಾಶ್ವತವಾಗಿ ಉಳಿಯಬಹುದಾದುದರಿಂದ ಆರಂಭದಲ್ಲಿಯೇ ಗುರುತಿಸುವುದು ಮುಖ್ಯ. ಬಾಯಲ್ಲಿ ಏನೂ ಇಲ್ಲದಾಗ ದವಡೆ ಆಡುತ್ತಿದೆಯೇ ಎಂದು ಮನೆಯವರು ಆಗಾಗ ನೋಡಬೇಕು.

7. ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಚಿಹ್ನೆಗಳು

ತಾವಾಗಿಯೇ ಮಾತ್ರೆ ನಿಲ್ಲಿಸಬಾರದೆಂಬ ನಿಯಮಕ್ಕೆ ಇಲ್ಲಿ ಮಾತ್ರ ವಿನಾಯಿತಿ ಉಂಟು. ಈ ಕೆಳಗಿನವುಗಳಲ್ಲಿ ಯಾವುದಾದರೂ ಕಂಡರೆ ಮುಂದಿನ ಹೊತ್ತಿನ ಮಾತ್ರೆಯನ್ನು ಕೊಡದೆ, ಮಾತ್ರೆಗಳ ಪಟ್ಟಿಯೊಂದಿಗೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. 108 ಸಂಖ್ಯೆಗೆ ಕರೆ ಮಾಡಿದರೆ ಆಂಬ್ಯುಲೆನ್ಸ್ ಬರುತ್ತದೆ.

* ತೀವ್ರ ಜ್ವರ, ಮೈಯೆಲ್ಲ ಮರದಂತೆ ಬಿಗಿಯುವುದು, ವಿಪರೀತ ಬೆವರು, ಪ್ರಜ್ಞೆ ಮಂಕಾಗುವುದು. ಇದು ಅಪರೂಪ, ಆದರೆ ಪ್ರಾಣಾಪಾಯಕರ.
* ಮೂರ್ಛೆ ಹೋಗುವುದು, ಎದೆ ವಿಪರೀತವಾಗಿ ಬಡಿದುಕೊಳ್ಳುವುದು, ಉಸಿರಾಟದ ತೊಂದರೆ.
* ಫಿಟ್ಸ್ ಬರುವುದು.
* ಕಣ್ಣು ಹಳದಿಯಾಗುವುದು, ಮೈಮೇಲೆ ವ್ಯಾಪಕವಾದ ಗಂಧೆ, ಮುಖ ಊದುವುದು.
* ತಪ್ಪಿಯೋ ಬೇಕೆಂದೋ ಹೆಚ್ಚು ಮಾತ್ರೆಗಳನ್ನು ನುಂಗಿರುವುದು.

ಬೇರೆ ಔಷಧಿಗಳಿಂದ ಗುಣ ಕಾಣದವರಿಗೆ ಕೊಡುವ ಕ್ಲೋಜಪಿನ್ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಅದು ಬಹಳ ಪರಿಣಾಮಕಾರಿ. ಆದರೆ ಕೆಲವರಲ್ಲಿ ರಕ್ತದ ಬಿಳಿಕಣಗಳನ್ನು ಅಪಾಯಕರ ಮಟ್ಟಕ್ಕೆ ಇಳಿಸುತ್ತದೆ. ಆದುದರಿಂದ ಮೊದಲ ತಿಂಗಳುಗಳಲ್ಲಿ ವೈದ್ಯರು ಹೇಳಿದಂತೆ ಪದೇ ಪದೇ ರಕ್ತಪರೀಕ್ಷೆ ಮಾಡಿಸಬೇಕು. ಜ್ವರ, ಗಂಟಲು ನೋವು ಬಂದರೆ ಸಾಮಾನ್ಯ ನೆಗಡಿಯೆಂದು ಬಿಡದೆ ಅದೇ ದಿನ ತೋರಿಸಬೇಕು. ಇದರಿಂದ ಬರುವ ಮಲಬದ್ಧತೆಯೂ ಉಲ್ಬಣಿಸಿ ಅಪಾಯ ತರಬಲ್ಲದು. ಎರಡು ದಿನ ಈ ಮಾತ್ರೆ ತಪ್ಪಿದ್ದರೆ ಹಳೆಯ ಪ್ರಮಾಣದಲ್ಲಿಯೇ ಮತ್ತೆ ಆರಂಭಿಸಕೂಡದು, ವೈದ್ಯರನ್ನು ಕೇಳಬೇಕು.

8. ನಮ್ಮ ಭಾಗದ ರೂಢಿಗಳು ಮತ್ತು ಔಷಧಿ

ಭದ್ರಾ ಹೊಳೆಯ ದಡದ ಹೊಳೆಹೊನ್ನೂರು, ಅದರ ಸುತ್ತಲಿನ ಹಳ್ಳಿಗಳು ಭತ್ತ ಅಡಿಕೆಗಳ ನಾಡು. ಇಲ್ಲಿನ ದುಡಿಮೆಗೂ ರೂಢಿಗೂ ಹೊಂದಿದ ಕೆಲವು ಎಚ್ಚರಿಕೆಗಳು ಹೀಗಿವೆ.

ಹೊಸದಾಗಿ ಮಾತ್ರೆ ಆರಂಭಿಸಿದವರು, ತಲೆಸುತ್ತು ಇರುವವರು ಅಡಿಕೆ ಕೊನೆ ತೆಗೆಯಲು ಮರ ಹತ್ತಬಾರದು. ನಾಲೆಯಲ್ಲಿ ಹೊಳೆಯಲ್ಲಿ ಒಬ್ಬರೇ ಈಜಬಾರದು.

ಬೇಸಗೆಯಲ್ಲಿ ಈ ಔಷಧಿಗಳು, ಜೊತೆಯಲ್ಲಿ ಟ್ರೈಹೆಕ್ಸಿಫೆನಿಡಿಲ್ ಇದ್ದರೆ ಇನ್ನೂ ಹೆಚ್ಚಾಗಿ, ಬೆವರುವುದನ್ನು ತಗ್ಗಿಸಿ ದೇಹದ ಶಾಖ ಏರಿಸುತ್ತವೆ. ಏಪ್ರಿಲ್ ಮೇ ತಿಂಗಳ ಬಿಸಿಲಿನಲ್ಲಿ ಗದ್ದೆಯ ಕೆಲಸವನ್ನು ಬೆಳಿಗ್ಗೆ ಮತ್ತು ಸಂಜೆಗೆ ಇಟ್ಟುಕೊಂಡು, ನೀರು ಮಜ್ಜಿಗೆ ಹೆಚ್ಚಾಗಿ ಕುಡಿಯಬೇಕು. ಕ್ಲೋರ್‌ಪ್ರೋಮಜಿನ್ ಸೇವಿಸುವವರ ಚರ್ಮ ಬಿಸಿಲಿಗೆ ಬೇಗ ಸುಡುವುದರಿಂದ ತುಂಬುತೋಳಿನ ಅಂಗಿ, ತಲೆಗೆ ಟವೆಲ್ಲು ಅಗತ್ಯ.

ಎಲೆಯಡಿಕೆ ಇಲ್ಲಿ ಮನೆಮನೆಯ ರೂಢಿ. ಅಡಿಕೆಯಲ್ಲಿರುವ ಅರಿಕೋಲಿನ್ ಎಂಬ ಅಂಶವು ಬಿಗಿತ ನಡುಕಗಳಿಗೆ ಕೊಡುವ ಮಾತ್ರೆಯ ಗುಣಕ್ಕೆ ವಿರುದ್ಧವಾಗಿ ವರ್ತಿಸುತ್ತದೆ. ಹೆಚ್ಚಾಗಿ ಅಡಿಕೆ ಜಗಿಯುತ್ತಿದ್ದ ರೋಗಿಗಳಲ್ಲಿ ಬಿಗಿತ ಉಲ್ಬಣಿಸಿದುದನ್ನು ವೈದ್ಯರು ವರದಿ ಮಾಡಿದ್ದಾರೆ. ದಿನಕ್ಕೆ ಎಷ್ಟು ಬಾರಿ ಹಾಕುತ್ತಾರೆಂಬುದನ್ನು ವೈದ್ಯರಿಗೆ ಹೇಳಬೇಕು.

ಬೀಡಿ ಸಿಗರೇಟಿನ ಹೊಗೆಯು ಓಲಾಂಜಪಿನ್, ಕ್ಲೋಜಪಿನ್ ಔಷಧಿಗಳು ದೇಹದಲ್ಲಿ ಬೇಗ ವಿಭಜನೆಯಾಗುವಂತೆ ಮಾಡುತ್ತದೆ. ಸೇದುವವರು ಥಟ್ಟನೆ ಬಿಟ್ಟರೆ ಅದೇ ಮಾತ್ರೆಯ ಬಲ ಹೆಚ್ಚಾಗಬಹುದು. ಬೀಡಿ ಬಿಡುವುದು ಒಳ್ಳೆಯದೇ. ಬಿಡುವ ಮುನ್ನ ವೈದ್ಯರಿಗೆ ತಿಳಿಸಿದರೆ ಪ್ರಮಾಣವನ್ನು ಹೊಂದಿಸುತ್ತಾರೆ. ಮದ್ಯ ಮತ್ತು ಗಾಂಜಾ ಸಂಪೂರ್ಣ ವರ್ಜ್ಯ.

ಹರಕೆ, ಪೂಜೆ, ಪ್ರಾರ್ಥನೆಗಳು ಅವರವರ ನಂಬಿಕೆಗೆ ಸೇರಿದವು. ಅವುಗಳಿಗಾಗಿ ಮಾತ್ರೆಯನ್ನು ನಿಲ್ಲಿಸಬೇಕಾಗಿಲ್ಲ. ಏಕಾದಶಿ, ರಂಜಾನ್ ಮುಂತಾದ ಉಪವಾಸಗಳ ಕಾಲದಲ್ಲಿ ಮಾತ್ರೆಯ ಹೊತ್ತನ್ನು ಹೇಗೆ ಹೊಂದಿಸಬೇಕೆಂದು ವೈದ್ಯರನ್ನು ಮುಂಚಿತವಾಗಿ ಕೇಳಿಕೊಳ್ಳಬೇಕು.

9. ಸ್ತ್ರೀಯರು, ಗರ್ಭಧಾರಣೆ ಮತ್ತು ಕುಟುಂಬ ಯೋಜನೆ

ರಿಸ್ಪೆರಿಡೋನ್, ಹ್ಯಾಲೋಪೆರಿಡಾಲ್ ಮುಂತಾದವು ಪ್ರೊಲ್ಯಾಕ್ಟಿನ್ ಎಂಬ ರಸದೂತವನ್ನು ಹೆಚ್ಚಿಸುತ್ತವೆ. ಇದರಿಂದ ಮುಟ್ಟು ತಡವಾಗುವುದು ಅಥವಾ ನಿಲ್ಲುವುದು, ಮಗುವಿಲ್ಲದಿದ್ದರೂ ಎದೆಹಾಲು ಬರುವುದು ಸಾಧ್ಯ. ಸಂಕೋಚದಿಂದ ಮಹಿಳೆಯರು ಇದನ್ನು ಹೇಳಿಕೊಳ್ಳದೆ ಮಾತ್ರೆ ಬಿಡುತ್ತಾರೆ. ಊರಿನ ಆರೋಗ್ಯ ಸಹಾಯಕಿಯ ಬಳಿ ಹೇಳಿಕೊಂಡರೂ ಸಾಕು. ಅದು ವೈದ್ಯರಿಗೆ ತಲುಪುತ್ತದೆ. ಪುರುಷರಲ್ಲಿಯೂ ಲೈಂಗಿಕ ಆಸಕ್ತಿ, ಸಾಮರ್ಥ್ಯ ಕುಂದಬಹುದು. ಇದೂ ವೈದ್ಯರೊಡನೆ ಏಕಾಂತದಲ್ಲಿ ಮಾತನಾಡಬೇಕಾದ ವಿಷಯವೇ ಹೊರತು ನಾಚಿಕೆಪಡತಕ್ಕದ್ದಲ್ಲ.

ಮುಟ್ಟು ನಿಂತಿದೆಯೆಂದು ಗರ್ಭ ನಿಲ್ಲುವುದಿಲ್ಲವೆಂದು ಭಾವಿಸಬಾರದು. ಔಷಧಿ ಬದಲಾಯಿಸಿದಾಗ ಅಂಡೋತ್ಪತ್ತಿ ಮರಳಿ, ನಿರೀಕ್ಷಿಸದೆ ಗರ್ಭ ಧರಿಸುವುದುಂಟು. ಮಗು ಬೇಡವಾದ ಕಾಲದಲ್ಲಿ ತಕ್ಕ ಕುಟುಂಬ ಯೋಜನಾ ವಿಧಾನವನ್ನು ಅನುಸರಿಸಬೇಕು. ಮಗು ಬೇಕೆನಿಸಿದರೆ ಮೊದಲೇ ಮನೋವೈದ್ಯರನ್ನು ಕಾಣಬೇಕು. ಈ ಮಾತ್ರೆಗಳ ಜೊತೆಗೆ ಸೋಡಿಯಂ ವಾಲ್ಪ್ರೋಯೇಟ್ ಕೊಡುತ್ತಿದ್ದರೆ ಇದು ಇನ್ನೂ ಅಗತ್ಯ, ಏಕೆಂದರೆ ಅದು ಗರ್ಭಸ್ಥ ಶಿಶುವಿನ ಅಂಗವೈಕಲ್ಯಕ್ಕೆ ಕಾರಣವಾಗಬಲ್ಲದು.

ಗರ್ಭಿಣಿಯಾಗಿರುವುದು ತಿಳಿದೊಡನೆ ಹೆದರಿ ಎಲ್ಲ ಮಾತ್ರೆಗಳನ್ನೂ ಎಸೆಯುವುದು ಸಾಮಾನ್ಯ. ರೋಗ ಮರುಕಳಿಸಿದರೆ ತಾಯಿಗೂ ಮಗುವಿಗೂ ಹಾನಿ. ಅದೇ ವಾರ ವೈದ್ಯರನ್ನು ಕಂಡು ಯಾವುದು ಮುಂದುವರಿಯಬೇಕು, ಯಾವುದು ಬದಲಾಗಬೇಕು ಎಂದು ತಿಳಿಯಬೇಕು. ಹೆರಿಗೆ ಆಸ್ಪತ್ರೆಯಲ್ಲಿಯೇ ಆಗಬೇಕು. ಔಷಧಿಯ ವಿಷಯ ಅಲ್ಲಿನವರಿಗೆ ಗೊತ್ತಿರಬೇಕು. ಹಲವು ಔಷಧಿಗಳ ಸೇವನೆಯೊಂದಿಗೆ ಮೊಲೆಹಾಲು ಕೊಡಬಹುದು. ಕ್ಲೋಜಪಿನ್ ಸೇವಿಸುವ ತಾಯಂದಿರಿಗೆ ಸಾಮಾನ್ಯವಾಗಿ ಬೇಡವೆನ್ನುತ್ತಾರೆ.

10. ಮನೆಯವರ ಕರ್ತವ್ಯ

ಇಪ್ಪತ್ತು ಹಾಳೆಯ ಒಂದು ನೋಟುಪುಸ್ತಕ ಸಾಕು. ಔಷಧಿಯ ಹೆಸರು ಮತ್ತು ಪ್ರಮಾಣ, ಆರಂಭಿಸಿದ ದಿನಾಂಕ, ತಿಂಗಳ ತೂಕ, ನಿದ್ರೆ, ಕಂಡುಬಂದ ತೊಂದರೆ ಮತ್ತು ಅದು ಕಂಡ ದಿನ, ಇವನ್ನು ಬರೆದಿಡಬೇಕು. ವೈದ್ಯರಿಗೆ ಸಿಗುವ ಕೆಲವೇ ನಿಮಿಷಗಳಲ್ಲಿ ಈ ಪುಸ್ತಕವೇ ರೋಗಿಯ ಪರವಾಗಿ ಮಾತನಾಡುತ್ತದೆ. ಜ್ವರಕ್ಕೋ, ಹಲ್ಲುನೋವಿಗೋ ಬೇರೆ ವೈದ್ಯರನ್ನು ಕಾಣುವಾಗಲೂ ಇದನ್ನು ತೋರಿಸಬೇಕು. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್‌ನಂಥ ಸಾಮಾನ್ಯ ಔಷಧಿಯೂ ಇವುಗಳೊಡನೆ ಸೇರಿದರೆ ಸ್ನಾಯು ಸೆಳೆತವನ್ನು ಹೆಚ್ಚಿಸಬಲ್ಲದು.

ಔಷಧಿಯ ಅಡ್ಡಪರಿಣಾಮಗಳೇನೆಂದು ವೈದ್ಯರನ್ನು ಕೇಳುವುದು ಅವಿನಯವಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಚಿಕಿತ್ಸೆಯ ಸ್ವರೂಪವನ್ನೂ ಅದರ ಗೊತ್ತಿರುವ ಅಡ್ಡಪರಿಣಾಮಗಳನ್ನೂ ತಿಳಿಯುವ ಹಕ್ಕನ್ನು ರೋಗಿಗೆ ನೀಡಿದೆ.

ನಿದ್ರೆ ಕೆಡುವುದು, ಮತ್ತೆ ಸಂಶಯದ ಮಾತು, ಒಂಟಿಯಾಗಿರಲು ಬಯಸುವುದು, ಇವು ರೋಗ ಮರುಕಳಿಸುವ ಮುನ್ಸೂಚನೆಗಳು. ಇವು ಕಂಡಾಗ ಬೈದು ಹೊಡೆದು ಪ್ರಯೋಜನವಿಲ್ಲ. ಮಾತ್ರೆ ತಪ್ಪಿದೆಯೇ ಎಂದು ಸಮಾಧಾನದಿಂದ ವಿಚಾರಿಸಿ, ಆಸ್ಪತ್ರೆಗೆ ಕರೆದೊಯ್ಯಬೇಕು.

11. ನೆರವು ಎಲ್ಲಿ ದೊರೆಯುತ್ತದೆ?

ಮೊದಲು ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಬೇಕು. ಆಶಾ ಕಾರ್ಯಕರ್ತೆಯು ಮಾರ್ಗದರ್ಶನ ಮಾಡುತ್ತಾಳೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ತಪಾಸಣೆ ಏರ್ಪಾಡಾಗುತ್ತದೆ. ಭದ್ರಾವತಿಯ ಆಸ್ಪತ್ರೆಯಲ್ಲಿ ಅದು ಯಾವ ದಿನವೆಂದು ಮುಂಚೆಯೇ ವಿಚಾರಿಸಿ ಹೊರಟರೆ ಒಂದು ದಿನದ ಕೂಲಿ ವ್ಯರ್ಥವಾಗುವುದಿಲ್ಲ. ಶಿವಮೊಗ್ಗದ ಮೆಗ್ಗಾನ್ ಬೋಧನಾ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಮನೆಯಲ್ಲಿ ಕುಳಿತೇ ಸಲಹೆ ಬೇಕಾದವರು ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ನೆನಪಿಡಬೇಕಾದ ಅಂಶಗಳು

1. ಗುಣ ಕಂಡಿತೆಂದು ಮಾತ್ರೆ ನಿಲ್ಲಿಸಬೇಡಿ. ಗುಣ ಕಂಡಿರುವುದು ಮಾತ್ರೆಯಿಂದಲೇ ಇರಬಹುದು.
2. ತೊಂದರೆಯಾಯಿತೆಂದು ಮಾತ್ರೆ ಬಿಡಬೇಡಿ, ಮುಚ್ಚಿಡಲೂ ಬೇಡಿ, ವೈದ್ಯರಿಗೆ ಹೇಳಿ.
3. ಚಡಪಡಿಕೆ ಹೆಚ್ಚಿದರೆ ತಾವಾಗಿಯೇ ಮಾತ್ರೆ ಹೆಚ್ಚಿಸಬೇಡಿ.
4. ತೀವ್ರ ಜ್ವರದೊಂದಿಗೆ ಮೈಬಿಗಿತ ಕಂಡರೆ ಕ್ಷಣವೂ ಕಾಯಬೇಡಿ.
5. ತೂಕ ಮತ್ತು ರಕ್ತಪರೀಕ್ಷೆಗಳನ್ನು ತಪ್ಪಿಸಬೇಡಿ.

ಚರ್ಚೆಗೆ ಪ್ರಶ್ನೆಗಳು

1. ಔಷಧಿಯಿಂದ ಬಂದ ಚಡಪಡಿಕೆಯನ್ನು ರೋಗವೆಂದು ತಪ್ಪು ತಿಳಿದರೆ ಆಗುವ ಹಾನಿ ಏನು?
2. ಕತ್ತು ತಿರುಚಿಕೊಂಡ ರೋಗಿಯನ್ನು ಮಂತ್ರವಾದಿಯ ಬಳಿಗೆ ಒಯ್ಯಲು ಹೊರಟ ನೆರೆಯವರಿಗೆ ನೀವು ಏನು ಹೇಳುವಿರಿ?
3. ಅನ್ನದಲ್ಲಿ ಮಾತ್ರೆ ಬೆರೆಸಿ ಕೊಡುವುದು ಏಕೆ ಸರಿಯಲ್ಲ?
4. ಮಾತ್ರೆ ಸೇವಿಸುತ್ತಿರುವ ಸೊಸೆ ಗರ್ಭಿಣಿಯಾದರೆ ಮನೆಯವರು ಮೊದಲು ಮಾಡಬೇಕಾದ ಕೆಲಸ ಯಾವುದು?
5. ನಿಮ್ಮ ಊರಿನಲ್ಲಿ ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟವರಿದ್ದರೆ, ಅವರಿಗೆ ಅವಮಾನವಾಗದಂತೆ ಮತ್ತೆ ಆಸ್ಪತ್ರೆಗೆ ಬರುವಂತೆ ಮಾಡುವುದು ಹೇಗೆ?